ಎರಡು ಕಚೇರಿಗಳ ನಡುವೆ ಚಾರ್ಲ್ಸ್ ಐವ್ಸ್

ಸಂಗೀತ ಓದಿಯೂ ಹೊಟ್ಟೆಪಾಡಿಗೆ ವಿಮೆಯ ವ್ಯವಹಾರ ಹಿಡಿದರು ಅಮೆರಿಕದ ಸಂಯೋಜಕ ಚಾರ್ಲ್ಸ್ ಐವ್ಸ್ (1874–1954). ಹಗಲು ಆಫೀಸು, ರಾತ್ರಿ ಸ್ವರಲಿಪಿ. ಈ ಆಯ್ಕೆಯಿಂದ ಅವರ ಸಂಗೀತಕ್ಕೆ ಒಳ್ಳೆಯದಾಯಿತೇ?

ಪರ: ಯಾರ ಹಂಗೂ ಇಲ್ಲದ ಕೈ

ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ಬ್ಯಾಂಡ್ ಮಾಸ್ತರರಾಗಿದ್ದ ಜಾರ್ಜ್ ಐವ್ಸ್ ಮಕ್ಕಳಿಗೆ ಒಂದು ಪಾಠ ಮಾಡುತ್ತಿದ್ದರು. ಮಕ್ಕಳು ಒಂದು ಶ್ರುತಿಯಲ್ಲಿ ಹಾಡಬೇಕು, ಅಪ್ಪ ಬೇರೊಂದು ಶ್ರುತಿಯಲ್ಲಿ ವಾದ್ಯ ನುಡಿಸುತ್ತಾರೆ. ತಂಬೂರಿಯ ಮುಂದೆ ಕೂತು ಕಲಿತ ನಮಗೆ ಎದೆ ಝಲ್ಲೆನ್ನುವ ಪಾಠ ಇದು. ಮಗ ಚಾರ್ಲ್ಸ್‌ಗೆ ಮಾತ್ರ ಅದರಿಂದ ಹೊಸ ಕಿವಿಯೇ ಬಂತು.

ಆ ಕಿವಿಯನ್ನು ಯಾರು ಸಾಕಬೇಕು? ಯೇಲ್ ವಿಶ್ವವಿದ್ಯಾಲಯದಲ್ಲಿ ಗುರು ಹೊರೇಶಿಯೊ ಪಾರ್ಕರ್ ಯುರೋಪಿನ ಕಟ್ಟುನಿಟ್ಟಿನ ಮಾದರಿ ಕಲಿಸಿದರು. 1898ರಲ್ಲಿ ಓದು ಮುಗಿಸಿ ನ್ಯೂಯಾರ್ಕಿಗೆ ಬಂದ ಐವ್ಸ್, ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರಾದರು. ಜೊತೆಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಎಲ್ಲರಿಗೂ ಹಿತವಾಗುವಂತೆ ಬರೆದ ಒಂದು ಭಕ್ತಿಸಂಗೀತ 1902ರಲ್ಲಿ ಅಲ್ಲೇ ಪ್ರದರ್ಶನ ಕಂಡಿತು. ಅದೇ ವರ್ಷ ಐವ್ಸ್ ಚರ್ಚಿನ ಕೆಲಸ ಬಿಟ್ಟರು. ಅಲ್ಲಿಂದ ಮುಂದೆ ಅವರ ಸಂಗೀತ ಯಾರ ಮುಖವನ್ನೂ ನೋಡಲಿಲ್ಲ.

ಅವರ 'ಪುಟ್ನಮ್ಸ್ ಕ್ಯಾಂಪ್' ಕೃತಿಯಲ್ಲಿ ಎರಡು ಬ್ಯಾಂಡುಗಳು ಬೇರೆ ಬೇರೆ ನಡೆಯಲ್ಲಿ ಎದುರುಬದುರು ಬಂದು ಡಿಕ್ಕಿ ಹೊಡೆದಂತೆ ಕೇಳುತ್ತದೆ. 'ಕಾಂಕರ್ಡ್ ಸೊನಾಟಾ'ದ ಒಂದು ಕಡೆ ಪಿಯಾನೊದ ಮನೆಗಳ ಮೇಲೆ ಹದಿನಾಲ್ಕೂಮುಕ್ಕಾಲು ಅಂಗುಲದ ಮರದ ಪಟ್ಟಿ ಇಟ್ಟು ಒತ್ತಬೇಕು. ಅಬ್ಬರಕ್ಕಲ್ಲ, ಅತಿ ಮೆಲ್ಲಗೆ. ಹತ್ತಾರು ಸ್ವರಗಳು ಒಟ್ಟಿಗೆ ಮಂಜಿನಂತೆ ಏಳುತ್ತವೆ. ಸಂಗೀತದಿಂದಲೇ ಮನೆ ಬಾಡಿಗೆ ಕಟ್ಟಬೇಕಾದವರಿಗೆ ಇಂಥದ್ದನ್ನು ಬರೆಯುವ ಧೈರ್ಯ ಬರುವುದು ಕಷ್ಟ. ಅಪಸ್ವರ ನಂಬಿ ಹೆಂಡತಿ ಮಕ್ಕಳನ್ನು ಉಪವಾಸ ಕೆಡವಲಾಗದು ಎಂಬ ಅರ್ಥದ ಮಾತನ್ನು ಐವ್ಸ್ ತಾವೇ ಆಡಿದ್ದಾರೆ.

ವಿಮೆ ಅವರಿಗೆ ಬರೀ ಸಂಬಳದ ದಾರಿಯೂ ಆಗಿರಲಿಲ್ಲ. ಜೂಲಿಯನ್ ಮೈರಿಕ್ ಜೊತೆ ಕಟ್ಟಿದ ಏಜೆನ್ಸಿ ದೇಶದ ದೊಡ್ಡ ಏಜೆನ್ಸಿಗಳಲ್ಲೊಂದಾಯಿತು. ದುಡಿಯುವವನು ತೀರಿಕೊಂಡರೆ ಆ ಮನೆ ನಡೆಯಲು ಎಷ್ಟು ಹಣ ಬೇಕು ಎಂದು ಲೆಕ್ಕ ಹಾಕುವ ಬಗೆಯನ್ನು ಏಜೆಂಟರಿಗಾಗಿ ಬರೆದುಕೊಟ್ಟರು. ಅವರ ಅಪ್ಪ ತೀರಿಕೊಂಡಾಗ ಅವರಿಗೆ ಆಗಷ್ಟೇ 20 ತುಂಬಿತ್ತು ಎಂಬುದು ನೆನಪಿದ್ದರೆ ಆ ಲೆಕ್ಕದ ಹಿಂದಿನ ಮನಸ್ಸು ತಿಳಿಯುತ್ತದೆ. ಏಜೆನ್ಸಿಯ ದುಡ್ಡಿನಿಂದಲೇ 'ಕಾಂಕರ್ಡ್' ಅಚ್ಚಾಯಿತು, 1922ರಲ್ಲಿ 114 ಹಾಡುಗಳ ಸಂಪುಟ ಅಚ್ಚಾಗಿ ಬೇಕೆಂದವರಿಗೆ ಪುಕ್ಕಟೆಯಾಗಿ ಹೋಯಿತು. ಸಂಯೋಜಕ ಹೆನ್ರಿ ಕೋವೆಲ್ ನಡೆಸುತ್ತಿದ್ದ ಹೊಸ ಸಂಗೀತದ ಪ್ರಕಟಣೆಗೂ ಐವ್ಸ್ ಹಣ ಕೊಟ್ಟರು. ಬೇರೆಯವರ ಸಂಗೀತವೂ ಬೆಳಕು ಕಂಡಿತು.

ವಿರೋಧ: ಕಿವಿಗೆ ಬೀಳದ ಸಂಗೀತ

ಕಾಗದದ ಮೇಲಿರುವುದು ಇನ್ನೂ ಸಂಗೀತವಲ್ಲ. ನನ್ನ ತಕರಾರು ಇಷ್ಟರಿಂದಲೇ ಶುರು.

ಕನ್ನಡದಲ್ಲಿ ಆಫೀಸಿಗೂ ಕಚೇರಿ ಎನ್ನುತ್ತೇವೆ, ಸಂಗೀತಕ್ಕೂ ಕಚೇರಿ ಎನ್ನುತ್ತೇವೆ. ಐವ್ಸ್‌ಗೆ ಮೊದಲನೆಯದು ದಿನವೂ ಸಿಕ್ಕಿತು, ಎರಡನೆಯದು ಸಿಗಲೇ ಇಲ್ಲ. 'ದಿ ಅನ್‌ಆನ್ಸರ್ಡ್ ಕ್ವೆಶ್ಚನ್' ಕೇಳಿ ನೋಡಿ. ತಂತಿವಾದ್ಯಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ, ಉಸಿರಿನಂತೆ ನಡೆದಿರುತ್ತವೆ. ಅದರ ಮೇಲೆ ಒಂಟಿ ಟ್ರಂಪೆಟ್ ಒಂದೇ ಪ್ರಶ್ನೆಯನ್ನು ಏಳು ಸಲ ಕೇಳುತ್ತದೆ. ಕೊಳಲುಗಳ ಗುಂಪು ಆರು ಸಲ ಉತ್ತರಿಸಲು ಹೋಗುತ್ತದೆ, ಸಲದಿಂದ ಸಲಕ್ಕೆ ಹೆಚ್ಚು ತಡಬಡಾಯಿಸುತ್ತದೆ. ಏಳನೆಯ ಪ್ರಶ್ನೆಗೆ ಉತ್ತರವಿಲ್ಲ. ಮೊದಲ ಸಲ ಕೇಳಿದಾಗ ಆ ಕೊನೆಯ ಮೌನದಲ್ಲಿ ನಾನು ಬಹಳ ಹೊತ್ತು ಕೂತಿದ್ದೆ. ಇದು ಹುಟ್ಟಿದ್ದು 1908ರಲ್ಲಿ, ಜನರ ಮುಂದೆ ನುಡಿದದ್ದು 1946ರಲ್ಲಿ.

ದುಡ್ಡು ಅವರನ್ನು ಕಾಪಾಡಿತು ಎನ್ನುತ್ತಾರೆ. ಆದರೆ ಸಂಯೋಜಕನ ಅರ್ಧ ಕಲಿಕೆ ತಾಲೀಮಿನಲ್ಲೇ ಆಗುವುದು. ಈ ಜಾಗದಲ್ಲಿ ಉಸಿರು ಸಾಲದು, ಈ ಸಾಲು ಡೋಲಿನ ಅಡಿ ಮುಚ್ಚಿಹೋಯಿತು ಎಂದು ನುಡಿಸುವವರು ಹೇಳಿದಾಗ ತಿದ್ದಬೇಕು. ಐವ್ಸ್‌ಗೆ ಅಂಥ ಬಳಗ ಇರಲಿಲ್ಲ. ಮನೆಗೆ ಕರೆಸಿದ ಹೆಸರಾಂತ ಪಿಟೀಲುವಾದಕರೊಬ್ಬರು ಸೊನಾಟಾ ನುಡಿಸಲು ಹೋಗಿ ಅರ್ಧಕ್ಕೇ ಕಿವಿ ಮುಚ್ಚಿಕೊಂಡರು. ಹೀಗಾಗಿ ಅವರ ಬರಹ ಒಂದು ನೆಲೆಗೆ ಬಂದು ನಿಲ್ಲಲಿಲ್ಲ. ತಿದ್ದುತ್ತಲೇ ಹೋದರು. ಯಾವುದನ್ನು ಯಾವಾಗ ಬರೆದರು ಎಂಬ ಬಗ್ಗೆ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ, ಏಕೆಂದರೆ ಬರೆದಾಗಲೇ ಕೇಳಿದವರು ಇಲ್ಲ.

ದೇಹವೂ ಎರಡು ಪಾಳಿಯನ್ನು ತಡೆಯಲಿಲ್ಲ. 1918ರಲ್ಲಿ ಆರೋಗ್ಯ ಮುರಿದುಬಿತ್ತು. ಕೆಲವು ವರ್ಷಗಳ ನಂತರ ಒಂದು ದಿನ ಅವರು ಮಹಡಿಯಿಂದ ಇಳಿದು ಬಂದು, ಇನ್ನು ಬರೆಯಲಾಗುತ್ತಿಲ್ಲ, ಬರೆದದ್ದು ಯಾವುದೂ ಕಿವಿಗೆ ಸರಿಯೆನಿಸುತ್ತಿಲ್ಲ ಎಂದು ಕಣ್ಣೀರಿಟ್ಟದ್ದನ್ನು ಹೆಂಡತಿ ಹಾರ್ಮನಿ ನೆನಪಿಸಿಕೊಂಡಿದ್ದಾರೆ. ಆಗ ಅವರಿಗೆ ಐವತ್ತು ದಾಟಿತ್ತಷ್ಟೇ. ಆಮೇಲೆ ಹೊಸದು ಬರಲಿಲ್ಲವೆಂದೇ ಹೇಳಬೇಕು. ಇಷ್ಟು ಬೆಲೆ ತೆತ್ತ ಮೇಲೂ ಅದನ್ನು ಜಾಣ ಏರ್ಪಾಡು ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಸಂಗೀತದಿಂದಲೇ ಬದುಕಿದವರೂ ಅದೇ ಅಮೆರಿಕದಲ್ಲಿದ್ದರು. ಸಂಯೋಜಕ ಏರನ್ ಕೋಪ್ಲಂಡ್ ಉಪನ್ಯಾಸ ಕೊಟ್ಟರು, ಸಿನಿಮಾಕ್ಕೆ ಬರೆದರು, ತಮ್ಮ ಕೃತಿಗಳನ್ನು ಬಿಸಿಯಿರುವಾಗಲೇ ಕೇಳಿದರು. ಐವ್ಸ್‌ರ ಏಳು ಹಾಡುಗಳನ್ನು 1932ರಲ್ಲಿ ಯಾಡೊ ಉತ್ಸವದಲ್ಲಿ ಕೇಳಿಸಿದವರೂ ಅವರೇ, ಪಿಯಾನೊ ಮುಂದೆ ತಾವೇ ಕೂತು. ಪುಕ್ಕಟೆ ಹಂಚಿದ ಪುಸ್ತಕ ಮಾಡಲಾಗದ್ದನ್ನು ರಂಗದೊಳಗಿನ ಒಬ್ಬ ಸಂಗೀತಗಾರ ಮಾಡಿದ.

ಮೂರನೆಯ ಸಿಂಫನಿಗೆ 1947ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಾಗ ಐವ್ಸ್‌ಗೆ 72. ಎರಡನೆಯ ಸಿಂಫನಿ ಬರೆದು ಸುಮಾರು ಅರ್ಧ ಶತಮಾನದ ಮೇಲೆ, 1951ರಲ್ಲಿ, ವಾದ್ಯವೃಂದ ನಿರ್ದೇಶಕ ಲೆನರ್ಡ್ ಬರ್ನ್‌ಸ್ಟೈನ್ ಅದನ್ನು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನುಡಿಸಿದರು. ಹಾರ್ಮನಿ ಹೋಗಿದ್ದರು. ಐವ್ಸ್ ಹೋಗಲಿಲ್ಲ, ಆಮೇಲೆ ರೇಡಿಯೊದಲ್ಲಿ ಕೇಳಿದರು. ನಾಲ್ಕನೆಯದು ಪೂರ್ತಿಯಾಗಿ ಕೇಳಿಸಿದ್ದು 1965ರಲ್ಲಿ. ಅದರ ತಾಳಗಳು ಒಬ್ಬರ ಕೈಗೆ ನಿಲುಕದೆ ಸ್ಟೊಕೊವ್‌ಸ್ಕಿ ಇನ್ನಿಬ್ಬರು ನಿರ್ದೇಶಕರನ್ನು ಜೊತೆಗೆ ನಿಲ್ಲಿಸಿಕೊಂಡರು. ಇಲ್ಲಿ ಸ್ವಲ್ಪ ತಗ್ಗಿಸಿ, ಅಲ್ಲಿ ಇನ್ನೂ ಗಟ್ಟಿಯಾಗಿ ಎನ್ನಬೇಕಾದವರು ಹೋಗಿ ಆಗಲೇ 11 ವರ್ಷವಾಗಿತ್ತು.