ಮೇಷ್ಟ್ರಿಗೆ ಮೈನಸ್ ಒಂದು

ನಮ್ಮ ಸೋದರಮಾವ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಜೀವನದಲ್ಲಿ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂದ್ರೆ ಚಾಕೊಲೇಟ್ ತಗೊಳ್ಳದೆ, ಎರಡು ರೂಪಾಯಿಗೆ ನಿಂತು ಕಾಯುವ ಜಾತಿ. ಮೊನ್ನೆ ಫ್ರಿಜ್ ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಇದ್ರೆ 3,000 ರೂಪಾಯಿ ಕಡಿಮೆ ಅಂದರಂತೆ. ಲೆಕ್ಕದ ಮೇಷ್ಟ್ರು ಬಿಡ್ತಾರಾ? ಪೆನ್ಶನ್ ಬರುವ ಬ್ಯಾಂಕಿಗೇ ಹೋಗಿ ಅರ್ಜಿ ಹಾಕಿದರು.

ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, 'ಸರ್, ನಿಮ್ಮ ಸಿಬಿಲ್ ಸ್ಕೋರ್ ಮೈನಸ್ ಒಂದು' ಅಂದ.

ಪಾಪ, ಮಾವ ಖಾಲಿ ಉತ್ತರಪತ್ರಿಕೆಗೂ ಸೊನ್ನೆ ಕೊಟ್ಟವರೇ ಹೊರತು ಸೊನ್ನೆಗಿಂತ ಕೆಳಗೆ ಇಳಿದವರಲ್ಲ. ವಿಷಯ ಇಷ್ಟೇ. ಸಿಬಿಲ್ ಸ್ಕೋರ್ ಅಂದ್ರೆ ನಾವು ಸಾಲ ಹೇಗೆ ತೀರಿಸ್ತೀವಿ ಅಂತ ಬ್ಯಾಂಕುಗಳು ನೋಡುವ ಅಂಕ. ಅದು ಶುರುವಾಗೋದೇ 300ರಿಂದ, ಮುಗಿಯೋದು 900ಕ್ಕೆ. ಸಾಲ ತಗೊಂಡು ಕಂತು ಕಟ್ಟದೆ ಫೋನ್ ನಂಬರ್ ಬದಲಾಯಿಸಿದವನಿಗೂ 300 ಗ್ಯಾರಂಟಿ. ಸಾಲವನ್ನೇ ಮಾಡದವನಿಗೆ ಮೈನಸ್ ಒಂದು. ಅಂದ್ರೆ ಓಡಿಹೋದವನ ಬಗ್ಗೆ ಬ್ಯಾಂಕಿಗೆ ಏನೋ ಒಂದು ಗೊತ್ತು, ಮೇಷ್ಟ್ರ ಬಗ್ಗೆ ಏನೂ ಗೊತ್ತಿಲ್ಲ, ಮೂವತ್ತು ವರ್ಷ ಅವರ ಸಂಬಳ ಅದೇ ಬ್ಯಾಂಕಿಗೆ ಬಂದಿದ್ರೂ.

ಮೊದಲ ಸಲ ಸಾಲ ಕೇಳುವವರನ್ನು ಬರೀ ಹಿಂದಿನ ಚರಿತ್ರೆ ಇಲ್ಲ ಅನ್ನೋ ಕಾರಣಕ್ಕೆ ವಾಪಸ್ ಕಳಿಸಬೇಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, 2025ರಲ್ಲಿ ಸರ್ಕಾರ ಇದನ್ನು ಸಂಸತ್ತಿನಲ್ಲೂ ಹೇಳಿತು. ಬ್ಯಾಂಕಿನವರು ಒಳ್ಳೆಯವರು, ಆ ಕಾರಣ ಹೇಳೋದೇ ಇಲ್ಲ. 'ಆಂತರಿಕ ನೀತಿ' ಅಂತಾರೆ.

ಮಾವ ಹಟ ಬಿಡಲಿಲ್ಲ, ಇನ್ನೂ ಎರಡು ಬ್ಯಾಂಕಿಗೆ ಅರ್ಜಿ ಹಾಕಿದರು. ಅದು ಇನ್ನೊಂದು ತಪ್ಪಂತೆ! ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ನಿಮ್ಮ ರಿಪೋರ್ಟ್ ತೆಗೆಸಿ ನೋಡುತ್ತೆ, ನೋಡಿದ್ದು ದಾಖಲಾಗುತ್ತೆ, ಬೆನ್ನುಬೆನ್ನಿಗೆ ಮೂವರು ನೋಡಿದ್ರೆ 'ಇವನಿಗೆ ದುಡ್ಡಿನ ಹಾಹಾಕಾರ' ಅಂತ ನಾಲ್ಕನೆಯವನು ಅಂದ್ಕೊಳ್ತಾನೆ. ಮೂರು ಮನೆಯವರು ನೋಡಿ ಒಲ್ಲೆ ಅಂದ ವರನ ಕಥೆ.

ಕೊನೆಗೆ ಅದೇ ಹುಡುಗ ದಾರಿ ತೋರಿಸಿದ. 50,000 ರೂಪಾಯಿ ಎಫ್‌ಡಿ ಇಡಿ, ಅದರ ಮೇಲೆ 40,000 ಲಿಮಿಟ್ಟಿನ ಕಾರ್ಡ್ ಕೊಡ್ತೀವಿ. 'ನನ್ನ ದುಡ್ಡು ನಿಮ್ಮ ಹತ್ರ ಅಡ ಇಟ್ಟು, ನನ್ನ ದುಡ್ಡನ್ನೇ ನಿಮ್ಮಿಂದ ಸಾಲ ಪಡೀಬೇಕಾ?' ಅಂದರು ಮಾವ. 'ಹೌದು ಸರ್, ಹಾಗಾದ್ರೆ ನಿಮ್ಮ ಮೇಲೆ ನಂಬಿಕೆ ಬರುತ್ತೆ.'

ಕಾರ್ಡ್ ಬಂತು. 28,000ದ ಫ್ರಿಜ್ ಬಂತು. ಬಿಲ್ ಬಂದ ದಿನವೇ ಪೂರ್ತಿ ಕಟ್ಟಿದರು. ಆರು ತಿಂಗಳಾದ ಮೇಲೆ ಮೊದಲ ಸ್ಕೋರ್ ಬಂತು, ಭರ್ತಿ 740. ಆ ಖುಷಿಗೆ ಅತ್ತೆಗೆ ಅದೇ ಕಾರ್ಡಲ್ಲಿ ವಾಷಿಂಗ್ ಮಷೀನ್ ಕೊಡಿಸಿದರು, ಅದೂ 28,000. ಅದನ್ನೂ ಪೂರ್ತಿ ಕಟ್ಟಿದರು. ಸ್ಕೋರ್ ಇಳೀತು.

ಯಾಕೆ ಅಂದ್ರೆ, ಲಿಮಿಟ್ಟಿನಲ್ಲಿ ಶೇ. 30ರೊಳಗೆ ಖರ್ಚು ಮಾಡಿದ್ರೆ ಒಳ್ಳೇದು ಅನ್ನೋದು ಎಲ್ಲರೂ ಹೇಳುವ ಲೆಕ್ಕ. ಮಾವ ಶೇ. 70 ಮುಟ್ಟಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಾವು ಕಲಿತಿದ್ದು. ಇಲ್ಲಿ ಆರಡಿ ಹಾಸಿಗೆ ಕೊಟ್ಟು ಎರಡಡಿಯಲ್ಲಿ ಮುದುರಿಕೊಂಡು ಮಲಗು ಅಂತಾರೆ. ಕಾಲು ಹೊರಗೆ ಬರೋದೇ ಬೇಡ, ಚಾಚಿದ್ದೇ ತಪ್ಪು. ಹಾಗಂತ ಬೇಜಾರಾಗಿ ಹಳೇ ಕಾರ್ಡ್ ಮುಚ್ಚಿಸೋಕೂ ಹೋಗಬೇಡಿ, ಅದಕ್ಕೂ ಸ್ಕೋರ್ ಇಳಿಯಬಹುದು.

ಮಾವ ಈಗ ಕರೆಂಟ್ ಬಿಲ್ ಮಾತ್ರ ಕಾರ್ಡಲ್ಲಿ ಕಟ್ತಾರೆ. ಸ್ಕೋರ್ 771. ಹೋದ ಭಾನುವಾರ ಊಟಕ್ಕೆ ಕೂತಿದ್ದಾಗ ಫೋನ್.

'ಸರ್, ನಿಮಗೆ ಐದು ಲಕ್ಷ ಪರ್ಸನಲ್ ಲೋನ್ ಅಪ್ರೂವ್ ಆಗಿದೆ.'

'ನಾನು ಕೇಳಿಲ್ವಲ್ಲಪ್ಪ?'

'ನಿಮ್ಮ ಸ್ಕೋರ್ ತುಂಬಾ ಚೆನ್ನಾಗಿದೆ ಸರ್.'

ಮಾವ ಅನ್ನ ಕಲಸೋದು ನಿಲ್ಲಿಸಿ, ಕ್ಲಾಸಿನಲ್ಲಿ ಕೇಳುವ ಹಾಗೇ ಕೇಳಿದರು. 'ನಿಂದೆಷ್ಟು ಬಂದಿದೆ?'

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, 'ನಂದು ಮೈನಸ್ ಒಂದು ಸರ್' ಅಂದ.