ಕೆಂಪು ಬೇಡ ಅಂದರು

ನಮ್ಮಪ್ಪ ಮಂಡ್ಯದ ರೈತ. ಪೇಪರ್ ಬಂದ ತಕ್ಷಣ ಅವರು ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು. ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮೂಲೆಯಲ್ಲಿ ಮೂರು ಸಾಲು. ಈ ಸಲ ಭತ್ತದ ನಾಟಿಯೋ, ಸುಮ್ನೆ ರಾಗಿಯೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ಅವರ ಮಗ ನಾನು, ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡಿಸೈನ್ ಲೀಡ್. ಕಂಪನಿಯ ಸಾಫ್ಟ್‌ವೇರ್‌ಗಳೆಲ್ಲ ಸರಿಯಾಗಿ ಓಡುತ್ತಿವೆಯಾ ಎಂದು ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಆಗಲೇ ಒಂಬತ್ತು ಡ್ಯಾಶ್‌ಬೋರ್ಡ್ ಇದ್ದವು. ಅವನ್ನು ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ಹತ್ತನೆಯದು ಬೇಕಾಗಿತ್ತು.

ನಾನು ಮೊದಲು ರಾತ್ರಿ ಪಾಳಿಯ ಹುಡುಗನ ಪಕ್ಕ ಎರಡು ರಾತ್ರಿ ಕೂತೆ. ಪಾಂಡವಪುರದವನು. "ಅಣ್ಣ, ನಂಗೆ ಮೂರು ವಿಷ್ಯ ಗೊತ್ತಾದ್ರೆ ಸಾಕು. ಏನು ಬಿದ್ದಿದೆ, ಯಾವಾಗಿಂದ ಬಿದ್ದಿದೆ, ಯಾರನ್ನ ಎಬ್ಬಿಸ್ಬೇಕು" ಎಂದ. ನನಗೆ ಅಪ್ಪನ ಪೇಪರ್ ನೆನಪಾಯಿತು. ಕೆಟ್ಟಿದ್ದನ್ನು ಮಾತ್ರ ತೋರಿಸುವ ಒಂದು ಬಿಳಿ ಪರದೆ ಡಿಸೈನ್ ಮಾಡಿ, ಹೆಮ್ಮೆಯಿಂದ ಮೀಟಿಂಗಿಗೆ ಹೋದೆ.

"ಏನ್ರೀ ಇದು, ಖಾಲಿ ಖಾಲಿ?" ಎಂದರು ನಮ್ಮ ಸಾಹೇಬರು.

"ಏನೂ ಕೆಟ್ಟಿಲ್ಲ ಸಾರ್, ಅದಕ್ಕೇ ಖಾಲಿ."

"ಕ್ಲೈಂಟ್ ಬಂದಾಗ ಖಾಲಿ ಗೋಡೆ ತೋರ್ಸೋಕಾಗುತ್ತೇನ್ರೀ? ಭಾನುವಾರ ಸಂಜೆ ಅರಮನೆ ನೋಡಿದೀರಲ್ವಾ? ಹಂಗಿರ್ಬೇಕು."

ಅರಮನೆಯ ಮೇಲೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಅದರಲ್ಲಿ ನಾಲ್ಕು ಉರಿಯದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಚೆಂದಕ್ಕೇನೂ ಕಮ್ಮಿಯಾಗುವುದಿಲ್ಲ. ನಮ್ಮ ಕೆಲಸ ಆ ನಾಲ್ಕನ್ನು ಹುಡುಕುವುದು. ಇದನ್ನು ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು.

ಆಮೇಲೆ ಭಾರತದ ನಕ್ಷೆ ಬೇಕು ಎಂದರು. ನಮ್ಮ ಸರ್ವರ್‌ಗಳೆಲ್ಲ ಮುಂಬೈಯಲ್ಲಿ ಬಾಡಿಗೆಗೆ ಇವೆ. ಅಷ್ಟು ದೊಡ್ಡ ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಬಂತು. "ಇನ್ನೊಂದಷ್ಟು ಚುಕ್ಕೆ ಹಾಕ್ರೀ, ಬೋಳು ಬೋಳಾಗಿದೆ" ಎಂದರು. ಹಾಕಿದೆವು. ಕಾಶ್ಮೀರದಲ್ಲಿ ಒಂದು ಈಗಲೂ ಮಿನುಗುತ್ತಿದೆ. ಅದು ಏನು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನಿಜವಾದ ಜಗಳ ಶುರುವಾಗಿದ್ದು ಬಣ್ಣದಲ್ಲಿ. ಬಿದ್ದರೆ ಕೆಂಪು, ಏದುಸಿರು ಬಿಡುತ್ತಿದ್ದರೆ ಹಳದಿ, ಸರಿಯಿದ್ದರೆ ಹಸಿರು. ಸಿಗ್ನಲ್ ದಾಟುವ ಮಕ್ಕಳಿಗೂ ಗೊತ್ತು. ಆದರೆ ಕೆಂಪು ಕಂಡರೆ ಮೇಲಿನವರು ಗಾಬರಿಯಾಗುತ್ತಾರಂತೆ. ಕಿತ್ತಳೆ ಮಾಡಿದೆವು. ಬಿಲ್ಲಿಂಗ್ ವಿಭಾಗದವರು ಬಂದು "ನಮ್ದು ಮಾತ್ರ ಯಾಕೆ ಕಿತ್ತಳೆ? ವರ್ಷದ ಕೊನೇಲಿ ಇನ್‌ಕ್ರಿಮೆಂಟ್ ಇದೆ" ಎಂದರು. ಅವರದ್ದು ಹಳದಿಯಾಯಿತು. ಹಳದಿಯಲ್ಲಿದ್ದವರು ಸುಮ್ಮನಿರುತ್ತಾರಾ? "ಬಿದ್ದೋರ್ಗೂ ಹಳದಿ, ನಿಂತೋರ್ಗೂ ಹಳದಿ, ಯಾವ ನ್ಯಾಯ ಇದು?" ಅಂತ ಅವರು ತಿಳಿ ಹಸಿರಿಗೆ ಅರ್ಜಿ ಹಾಕಿದರು. ಮೂರು ತಿಂಗಳಲ್ಲಿ ನಮ್ಮ ಪರದೆಯ ಮೇಲೆ ಏಳು ಥರದ ಹಸಿರು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟ ಮೇಲೆ ಮಂಡ್ಯ ಸೀಮೆಯಲ್ಲೂ ನಾನು ಅಷ್ಟು ಹಸಿರು ಕಂಡಿಲ್ಲ.

ಬಣ್ಣ ಮುಗಿದ ಮೇಲೆ ಲೆಕ್ಕ. ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ ಒಂದು ಸೆಕೆಂಡಿನಲ್ಲಿ ಪುಟ ತೆರೆಯಿತು. ಒಬ್ಬ ನತದೃಷ್ಟ 101 ಸೆಕೆಂಡ್ ಕಾದ. ಸರಾಸರಿ ಎರಡೇ ಸೆಕೆಂಡ್! ಹಸಿರು. ಆ ಒಬ್ಬನನ್ನು ಪ್ರತ್ಯೇಕವಾಗಿ ತೋರಿಸೋಣ ಎಂದೆ. ನೆಗೆಟಿವ್ ಮೈಂಡ್‌ಸೆಟ್ ಅಂತ ನನ್ನ ಹೆಸರಿನ ಮುಂದೆ ಬರೆದುಕೊಂಡರು. ತಿಂಗಳಲ್ಲಿ ನೂರಕ್ಕೆ ಎಷ್ಟು ಪಾಲು ಹೊತ್ತು ಸಾಫ್ಟ್‌ವೇರ್ ಬೀಳದೆ ಓಡಿತು ಅನ್ನುವ ಲೆಕ್ಕವನ್ನು, 99.9 ಅಂತ, ಅರ್ಧ ಪರದೆಯಷ್ಟು ದೊಡ್ಡದಾಗಿ ಹಾಕಿಸಿದರು. ಮೂವತ್ತು ದಿನದ ತಿಂಗಳಲ್ಲಿ 43 ನಿಮಿಷ ಬಿದ್ದುಕೊಂಡಿದ್ದರೂ 99.9 ಬರುತ್ತದೆ. ಆ 43 ನಿಮಿಷ ಸಂಬಳದ ದಿನವೇ ಬಂದರೆ ಏನಾಗುತ್ತದೆ ಅನ್ನುವುದನ್ನು ಪರದೆ ಹೇಳುವುದಿಲ್ಲ. ಕಸ್ಟಮರ್ ಫೋನ್ ಮಾಡಿ ಹೇಳುತ್ತಾರೆ. ಪಾಂಡವಪುರದ ಹುಡುಗ ಈಗಲೂ ನಂಬಿರುವುದು ಆ ಫೋನನ್ನೇ. ನಾವು ಇಟ್ಟ ಅಲಾರಾಂ ದಿನಕ್ಕೆ ಇನ್ನೂರು ಸಲ ಕಿರುಚುತ್ತಿತ್ತು. ಅವನು ಅದರ ಬಾಯಿ ಮುಚ್ಚಿಸಿ ಬಹಳ ದಿನವಾಯಿತು.

ಉದ್ಘಾಟನೆಗೆ ಮೈಸೂರ್ ಪಾಕ್ ಹಂಚಿದರು. ನನಗೆ ಪೇಟ ತೊಡಿಸಿದರು.

ಹೋದ ತಿಂಗಳು ಒಂದು ಬೆಳಗ್ಗೆ ಕಸ ಗುಡಿಸುವ ಅಮ್ಮ ನನ್ನನ್ನು ತಡೆದು ನಿಲ್ಲಿಸಿದರು. "ಸಾರ್, ಆ ಟೀವಿ ಗಡಿಯಾರ ಕೆಟ್ಟೋಗದೆ. ಎರಡ್ ದಿನದಿಂದ ನಾಕೂ ಹತ್ತೇ ತೋರುಸ್ತಾ ಅದೆ. ಬಸ್ಸಿಗೆ ಟೈಮ್ ನೋಡ್ಕಳಾದು ಅದ್ರಲ್ಲೇ ನಾನು."

ಹೋಗಿ ನೋಡಿದೆ. ಮೂಲೆಯ ಗಡಿಯಾರ ಮಾತ್ರ ಅಲ್ಲ, ಇಡೀ ಡ್ಯಾಶ್‌ಬೋರ್ಡೇ ಎರಡು ದಿನದಿಂದ ಹಾಗೇ ಹೆಪ್ಪುಗಟ್ಟಿ ನಿಂತಿತ್ತು. ಏಳು ಹಸಿರೂ ಇದ್ದಲ್ಲೇ ಇದ್ದವು. 99.9 ಇತ್ತು. ಆ ಎರಡು ದಿನದಲ್ಲಿ ಮೂರು ಮೀಟಿಂಗ್ ಅದೇ ಪರದೆಯ ಮುಂದೆ ನಡೆದು, ಒಂದರಲ್ಲಿ ಚಪ್ಪಾಳೆಯೂ ಬಿದ್ದಿತ್ತು.

ತುರ್ತು ಸಭೆ ಕರೆದರು. ಎರಡು ಗಂಟೆ ಚರ್ಚೆ. ಇಂಥದ್ದು ಮತ್ತೆ ಆಗಬಾರದು, ಕ್ಲೈಂಟ್ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಎಲ್ಲರೂ ಒಪ್ಪಿದರು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು.

"ಆ ಗಡಿಯಾರ ತೆಗೆದ್ಬಿಡ್ರೀ."