ಟೌನ್ ಹಾಲ್ ಕಟ್ಟಿ, ಮೊದಲು ನೆರಳು ಕೊಡಿ

ಟೌನ್ ಹಾಲ್, ಮಾರ್ಕೆಟ್ ಎರಡನ್ನೂ ಕೆಡವಿ ಹೊಸದಾಗಿ ಕಟ್ಟೋಣ ಅಂತ ಕಲಬುರಗಿಯಲ್ಲಿ ಯಾರಾದರೂ ಹೇಳಿದರೆ ನಾನು ಬೇಡ ಅನ್ನುವವನಲ್ಲ. ಜೋರು ಮಳೆ ಬಿದ್ದ ಮೇಲೆ ಇಲ್ಲಿನ ಮಾರ್ಕೆಟ್ ಪ್ರದೇಶವಾದ ಸೂಪರ್ ಮಾರ್ಕೆಟ್ ಕಡೆ ಹೋಗಿ ಬನ್ನಿ, ನೀವೂ ಬೇಡ ಅನ್ನಲಿಕ್ಕಿಲ್ಲ. ನನ್ನ ತಕರಾರು ನಕ್ಷೆಯದು. ಇಂಥ ಕೆಲಸ ಬಂದಾಗೆಲ್ಲ ಎಲ್ಲ ಊರಲ್ಲೂ ಅದೇ ಚಿತ್ರ: ಮುಂದೆ ಗಾಜು, ಒಳಗೆ ಲಿಫ್ಟ್, ಮಹಡಿ ಮೇಲೆ ಮಹಡಿ ಶಟರ್ ಅಂಗಡಿ, ತುದಿಗೆ ಎಸಿ ಹಾಲ್. ಚಿತ್ರದಲ್ಲಿ ಕಾರು ಇರುತ್ತವೆ, ಪಲ್ಯದ (ನಮ್ಮ ಕಡೆ ಸೊಪ್ಪಿಗೆ ಪಲ್ಯ ಅಂತೀವಿ) ಬುಟ್ಟಿ ಇರುವುದಿಲ್ಲ.

ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಊರಿಗೆ ಗಾಜಿನ ಗೋಡೆ ಯಾಕ್ರೀ? ಕೋಟೆಯೊಳಗಿನ ಜಾಮಿ ಮಸೀದಿ ನೋಡಿ, 1367ರದ್ದು. ಬೇರೆ ಕಡೆ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಬಿಡುತ್ತಾರೆ. ಇಲ್ಲಿ ಅದಕ್ಕೂ ಗುಮ್ಮಟಗಳ ಚಾವಣಿ. ಬದಿಯ ಕಮಾನುಗಳಿಂದ ಗಾಳಿ, ಬೆಳಕು. ಮಾರ್ಕೆಟ್‌ಗೂ ಬೇಕಾದ್ದು ಅಷ್ಟೇ ಅಲ್ವಾ? ಎತ್ತರದ ಚಾವಣಿ, ತೆರೆದ ಬದಿ, ಕೆಳಗೆ ಶಹಾಬಾದ್ ಪರಸಿ (ಹಾಸುಗಲ್ಲು). ಕಲ್ಲು ನಮ್ಮ ಜಿಲ್ಲೆಯದೇ. ನುಣುಪು ಟೈಲ್ಸ್ ಹಾಕಿದರೆ ಟೊಮೆಟೊ ತುಳಿದು ಜಾರಿ ಬೀಳುವವರು ನಮ್ಮ ಮನೆಯ ಹಿರಿಯರೇ.

ನನಗೆ ಪಲ್ಯ ಮಾರುವ ಅಕ್ಕ ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬರುತ್ತಾರೆ. ಒದ್ದೆ ಗೋಣಿಚೀಲದ ಮೇಲೆ ಪುಂಡಿಪಲ್ಯ, ಮೆಂತ್ಯೆ, ರಾಜಗಿರಿ. ಬಿಸಿಲು ಏರಿದಂತೆ ಚೀಲ ಎಳೆದುಕೊಂಡು ಗೋಡೆಯ ನೆರಳಿನ ಹಿಂದೆಯೇ ಸರಿಯುತ್ತಾರೆ. ಹತ್ತು ಗಂಟೆಗೆ ಸೂಡು ಬಾಡಲು ಶುರು, ರೇಟೂ ಇಳಿಯಲು ಶುರು. "ಮೇಲಿನ ಮಹಡಿಯಲ್ಲಿ ಜಾಗ ಕೊಟ್ಟರೆ ಹೋಗ್ತೀರೇನ್ರೀ ಅಕ್ಕಾರ?" ಅಂತ ಕೇಳಿದೆ. "ಪುಂಡಿಪಲ್ಯಾ ತೊಗೊಳ್ಲಾಕ ಮ್ಯಾಲ ಯಾರ್ ಹತ್ತತಾರಪ್ಪ?" ಅಂದರು. ನೀರಿನ ಬಾಟಲಿ ಪಕ್ಕದಲ್ಲೇ ಇತ್ತು. ಅದರಿಂದ ಪಲ್ಯಕ್ಕೆ ಚಿಮುಕಿಸುತ್ತಾರೆ, ತಾವು ಕುಡಿಯುವುದು ಕಡಿಮೆ. ಕುಡಿದರೆ ಹೋಗಲು ಜಾಗ ಎಲ್ಲಿದೆ? ಹೆಂಗಸರಿಗೆ ಒಂದು ಸ್ವಚ್ಛ ಶೌಚಾಲಯ ನಕ್ಷೆಯ ಮೂಲೆಯಲ್ಲಿ ಅಲ್ಲ, ಮಧ್ಯದಲ್ಲೇ ಬರಲಿ.

ಇದು ದಯೆಯ ಮಾತಲ್ಲ, ಕಾನೂನೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸರ್ವೆ ಆಗಬೇಕು, ಪ್ರಮಾಣಪತ್ರ ಕೊಡಬೇಕು. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಪತ್ರಾಸ್ (ತಗಡಿನ) ಬೇಲಿ ಹಾಕಿದ ಮೇಲೆ ಮೀಟಿಂಗ್ ಕರೆದರೆ ಏನು ಬಂತು? ಕೆಲಸ ಮುಗಿಯುವ ತನಕ ಎಲ್ಲಿ ಕೂರಬೇಕು, ಮುಗಿದ ಮೇಲೆ ಯಾವ ಜಾಗ, ಎರಡೂ ಬರಹದಲ್ಲಿ ಇರಲಿ.

ಹಾಲ್ ಬಗ್ಗೆ ನನ್ನದು ಜಾಸ್ತಿ ಏನಿಲ್ಲ. ಸಣ್ಣ ನಾಟಕ ತಂಡ, ಪಿಂಚಣಿದಾರರ ಸಭೆ, ಹಮಾಲರ ಸಂಘ ಕೊಡಬಲ್ಲಷ್ಟು ಬಾಡಿಗೆ ಇರಲಿ. (ಎಸಿ ಬಂದ ದಿನವೇ ಬಾಡಿಗೆ ಯಾರದ್ದೋ ಮದುವೆ ರಿಸೆಪ್ಷನ್ ರೇಟಿಗೆ ಏರುತ್ತದೆ, ಬರೆದಿಟ್ಟುಕೊಳ್ಳಿ.)

ಟೆಂಡರ್ ಕರೆಯುವ ಮೊದಲು ಆ ನಕ್ಷೆಯನ್ನು ಕನ್ನಡ, ಉರ್ದು ಎರಡರಲ್ಲೂ ಬರೆದು ಮಾರ್ಕೆಟ್ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಒಬ್ಬರು ನಿಂತು ಹೇಳಲಿ. ಭಾನುವಾರ ಬೇಡ, ಸಂತೆ ಜೋರಾಗಿರುವ ಹೊತ್ತೂ ಬೇಡ. ಮಧ್ಯಾಹ್ನ ಪಲ್ಯ ಖಾಲಿಯಾದ ಮೇಲೆ ಬನ್ನಿ, ಅವರಿಗೆ ಆಗ ಪುರುಸೊತ್ತು.